ಇಳಿತದ ಮೂರು ತಾಸು

ಸಮುದ್ರ ಹಿಂದೆ ಸರಿದು ನಿಲ್ಲುವುದು ಮೂರೇ ತಾಸು.
ಅಷ್ಟರಲ್ಲೇ ಕಪ್ಪೆಚಿಪ್ಪು ಬಾಚಬೇಕು, ಬುಟ್ಟಿ ತುಂಬಬೇಕು.
ಇವತ್ತು, ಅಷ್ಟರಲ್ಲೇ ಮಾತೂ ಆಡಬೇಕು.

ಶಾಲೆಯಿಂದ ಬಂದ ಹಾಳೆ ಏಪ್ರನ್ನಿನ ಜೇಬಲ್ಲಿತ್ತು.
ಮದ್ಯ, ಮಾದಕವಸ್ತು: ಮಕ್ಕಳಿಗೆ ಹೇಗೆ ಹೇಳಬೇಕು.
ಶಾಂತವಾಗಿರಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಅಂದಿತ್ತು.
ನಾಲ್ಕನೆಯ ಸಾಲಿನಾಚೆ ಉಪ್ಪುನೀರು ಕುಡಿದು
ಅಕ್ಷರವೆಲ್ಲ ನೀಲಿ ಕಲೆ.

ಕಣ್ಣಲ್ಲಿ ಕಣ್ಣಿಡುವುದು ಹೇಗೆ? ಇಲ್ಲಿ ಎಲ್ಲರೂ ಬಗ್ಗಿರುತ್ತೇವೆ.
ಗಲೀಸಿಯಾದ ಈ ಕೊಲ್ಲಿಯಲ್ಲಿ ಹೆಂಗಸರ ಗುರುತೇ ಬೆನ್ನು:
ಅದು ದೊರಿಂದಾಳದು, ಆಚೆಯದು ಎರ್ಮಿತಾಸಳದು,
ಮುಖ ನೋಡದೆ ಹೇಳಬಲ್ಲೆವು.
ಸರಿ, ಬೆನ್ನಿಗೇ ಬೆನ್ನು ಮಾತಾಡಲಿ.

"ಬ್ರಾಯಿಸ್," ಅಂದೆ, "ನಿನ್ನ ಸೋದರಮಾವ ಅಮಾರೋ..."
"ಗೊತ್ತು. ದೋಣಿ ಮಗುಚಿತು."
ಅವನು ಹುಟ್ಟಿದಾಗಿನಿಂದ ಹಾಗೇ ಹೇಳಿಕೊಂಡು ಬಂದಿದ್ದೆವು.
ಸಮುದ್ರಕ್ಕೇನು, ಇನ್ನೊಂದು ಹೆಣ ಭಾರವೆ?
ಮಾಡದ ತಪ್ಪು ಹೊತ್ತುಕೊಂಡು ಸುಮ್ಮನಿತ್ತು ಅದು, ಇಷ್ಟು ವರ್ಷ.

ದೋಣಿ ಮಗುಚಲಿಲ್ಲ ಮಗಾ.
ದೋಣಿಗಳು ಚೆನ್ನಾಗೇ ಬಂದವು, ರಾತ್ರಿ, ದೀಪ ಆರಿಸಿಕೊಂಡು.
ಮೊದಲು ಸಿಗರೇಟಿನ ಪೆಟ್ಟಿಗೆ ತಂದವು. ಊರು ನಕ್ಕಿತು.
ಪಾದ್ರಿಗಳೂ ಒಂದು ಪ್ಯಾಕು ಇಟ್ಟುಕೊಂಡರು.
ಆಮೇಲೂ ಅದೇ ದೋಣಿ, ಅದೇ ಹುಡುಗರು,
ಹೊರೆ ಮಾತ್ರ ಹಗುರ, ಕೂಲಿ ಹತ್ತರಷ್ಟು.
ಅಮಾರೋಗೆ ಹದಿನೇಳು. ಇಳಿಸಿಕೊಟ್ಟ ದುಡ್ಡಲ್ಲಿ ಬೈಕು ಕೊಂಡ.
ಇಳಿಸಿದ್ದರಲ್ಲೇ ಚೂರು ರುಚಿ ನೋಡಿದ.
ಬೈಕು ಮಾರಿದ. ಅಮ್ಮನ ಓಲೆ ಮಾರಿದ.
ಹನ್ನೊಂದರವಳು ನಾನು, ಚಿಲಕ ಹಾಕಿಕೊಂಡು ಮಲಗುತ್ತಿದ್ದೆ,
ನನಗೆ ಚಾಕಲೇಟು ತರುತ್ತಿದ್ದ ಅಣ್ಣನಿಗೆ ಹೆದರಿ.
ಬಚ್ಚಲಲ್ಲಿ ಸಿಕ್ಕ. ನಲ್ಲಿ ಸುರಿಯುತ್ತಲೇ ಇತ್ತು.
ನೀರಿತ್ತಲ್ಲ, ಅಂತ
ಸಮುದ್ರದ ಹೆಸರು ಹೇಳಿದೆವು.

ಬ್ರಾಯಿಸ್ ಏನೂ ಅನ್ನಲಿಲ್ಲ.
ಚಿಪ್ಪೊಂದನ್ನು ಅಳತೆಯ ಬಳೆಗೆ ಹಿಡಿದ. ಜಾರಿಬಿತ್ತು, ಎಳಸು.
ಮರಳಿಗೇ ಮರಳಿಸಿದ.
ಇನ್ನೊಂದು. ಅದೂ ಎಳಸು.
ಹದಿನೇಳರ ಹುಡುಗರನ್ನು ಆ ರಾತ್ರಿಗಳಲ್ಲಿ
ಯಾರೂ ಹೀಗೆ ಹಿಡಿದು ನೋಡಲಿಲ್ಲ.
ಇದನ್ನು ಹೇಳಲಿಲ್ಲ ನಾನು. ಅಳಿಸಿಹೋದ ಸಾಲುಗಳಲ್ಲಿ
ಇದ್ದರೂ ಇದ್ದೀತು.

ಅಬ್ಬ, ಆಯಿತು ದೊಡ್ಡ ಕೆಲಸ, ಅಂದುಕೊಂಡೆ.
ಸೊಂಟ ಹಗುರಾದ ಹಾಗಿತ್ತು.
ಆಗ ಕೇಳಿದ, ತಲೆ ಎತ್ತದೆ:
"ಅಪ್ಪ ಬೆಳಿಗ್ಗೆ ಕಾಫಿಗೆ ಹಾಕ್ಕೊಳ್ಳೋ ಹನಿ ಯಾವುದು?"

ಹನಿ.
ಇಲ್ಲಿನ ಹೋಟೆಲಲ್ಲಿ ಕೇಳುವುದೇ ಹಾಗೆ: ಒಂದು ಕಾಫಿ, ಹನಿ ಹಾಕಿ.
ದ್ರಾಕ್ಷಿ ಸಿಪ್ಪೆಯ ಭಟ್ಟಿ, ನನ್ನಪ್ಪನೇ ಇಳಿಸಿದ್ದು;
ಚಳಿಗೆ, ಹಲ್ಲುನೋವಿಗೆ, ಹಬ್ಬಕ್ಕೆ, ಹೆಣ ಕಾಯುವ ರಾತ್ರಿಗೆ.
ಅಮಾರೋನನ್ನು ಮಣ್ಣು ಮಾಡಿ ಬಂದವರಿಗೆ ಲೋಟ ಲೋಟ ಹಂಚಿದ್ದೂ ಅದನ್ನೇ,
ಹಂಚಿದವಳು ನಾನೇ.
ಹನಿ ಹನಿ ಕೂಡಿದರೆ ಹಳ್ಳ.
ಆ ಹಳ್ಳದ ದಡದಲ್ಲೇ ನಮ್ಮ ಒಲೆ, ನಮ್ಮ ಮಂಚ,
ಇವನ ಪುಸ್ತಕದ ಚೀಲ.

"ಮುಂಚೆ ಎಣಿಸ್ತಿದ್ದೆ," ಅಂದ.
"ಈಗ?"
"ಈಗ ಎಣಿಸಕ್ಕಾಗಲ್ಲ. ಸುರಿದುಕೊಳ್ತಾನೆ."

ಸತ್ತವನ ಸುದ್ದಿ ಹೇಳುವುದು ಸುಲಭ.
ಅವನು ಸಂಜೆ ಮನೆಗೆ ಬರುವುದಿಲ್ಲ,
ಸಾರಿಗೆ ಉಪ್ಪು ಸಾಲದು ಅನ್ನುವುದಿಲ್ಲ,
ಮಗನ ಸೈಕಲ್ಲಿನ ಚೈನು ಕೂರಿಸಿ ಕೊಡುವುದಿಲ್ಲ.

ನೀರು ತಿರುಗಿತು. ಕಣಕಾಲಿಗೆ ಬಂತು.
ಕಾವಲಿನವಳು ಸೀಟಿ ಊದಿದಳು, ಬೆನ್ನುಗಳೆಲ್ಲ ಒಂದೊಂದೇ ನೆಟ್ಟಗಾದವು.
ನಾನೂ ಎದ್ದೆ. ಈಗ ಮುಖ ಕಾಣುತ್ತಿತ್ತು; ಗಲ್ಲ ಅವನಪ್ಪನದೇ.
"ನಾನೂ ಎಣಿಸ್ತೀನಿ," ಅಂದೆ.
ಅಷ್ಟೇ ಅಂದದ್ದು. ಮುಂದಿನ ಮಾತಿಗೆ ಮೂರು ಜನ ಬೇಕು.

ಬುಟ್ಟಿಯ ಒಂದು ಹಿಡಿ ಅವನು ಹಿಡಿದ, ಇನ್ನೊಂದು ನಾನು.
ಅವನು ಗಿಡ್ಡ, ಭಾರವೆಲ್ಲ ಅವನ ಕಡೆಗೇ ವಾಲುತ್ತಿತ್ತು;
ಕೈ ತಗ್ಗಿಸಿ ನಡೆದೆ.
ದಿಣ್ಣೆಯ ಮೇಲೆ ನಮ್ಮ ಅಡಿಗೆಮನೆಯ ಕಿಟಕಿ,
ಹಗಲಾದರೂ ದೀಪ ಉರಿಯುತ್ತಿತ್ತು.